ಆರು ಕುರ್ಚಿಯ ಕಾರು

ನಮ್ಮೂರಿನ ಬಸ್ ನಿಲ್ದಾಣದಲ್ಲಿ ಮೈಕು ಹಿಡಿದು ಕೂಗುವ ಕೆಲಸ ನನ್ನದು. ಯಾವ ಬಸ್ಸು ಎಷ್ಟು ಗಂಟೆಗೆ ಹೊರಡುತ್ತದೆ ಎಂದು ನಾನು ಹೇಳುವುದಿಲ್ಲ, ಅದು ಯಾರಿಗೂ ಗೊತ್ತಿರುವುದೂ ಇಲ್ಲ. ಎಷ್ಟು ಜನ ಕಡಿಮೆ ಬಿದ್ದಿದ್ದಾರೆ ಎಂದು ಹೇಳುತ್ತೇನೆ. "ಹೆಂಚಿನಕಟ್ಟೆ ಬಸ್ಸಿಗೆ ಇನ್ನಿಬ್ಬರು, ಇನ್ನಿಬ್ಬರು ಬನ್ನಿ." ಆ ಇಬ್ಬರು ಬಂದು ಕೂತ ಕೂಡಲೇ ಅಷ್ಟು ಹೊತ್ತು ಸತ್ತಂತೆ ಬಿದ್ದಿದ್ದ ಎಂಜಿನ್ನು ಗುರ್ ಎನ್ನುತ್ತದೆ, ಒಳಗಿದ್ದವರೆಲ್ಲ ಉಸಿರು ಬಿಡುತ್ತಾರೆ, ಡ್ರೈವರು ಬೀಡಿ ಬಿಸಾಕಿ ಹತ್ತುತ್ತಾನೆ. ಒಂದು ಸೀಟು ಖಾಲಿಯಿದ್ದರೂ ಬಸ್ಸು ಅಲುಗುವುದಿಲ್ಲ. ಒಬ್ಬರು ಹೆಚ್ಚಾದರೂ ಅಷ್ಟೇ. ನಡುವೆ ಯಾರಾದರೂ ಇಳಿಯಬೇಕಾದರೆ ಅಲ್ಲೇ ಹತ್ತುವವರೂ ಇರಬೇಕು. ಹಾಗಾಗಿ ನಮ್ಮ ಕಂಡಕ್ಟರುಗಳು ಟಿಕೆಟು ಕೊಡುವುದಕ್ಕಿಂತ ಕಿಟಕಿಯಿಂದ ತಲೆ ಹೊರಗೆ ಹಾಕಿ, ರಸ್ತೆ ಬದಿಯಲ್ಲಿ ಯಾರಾದರೂ ನಿಂತಿದ್ದಾರೆಯೇ ಎಂದು ನೋಡುವುದೇ ಹೆಚ್ಚು.

ಬಸ್ಸಿಗೆ ಹೇಗೋ ಸ್ಕೂಟರಿಗೂ ಹಾಗೆಯೇ, ಕಾರಿಗೂ ಹಾಗೆಯೇ. ತಿಂಗಳುಗಟ್ಟಲೆ ಮಾತು ಬಿಟ್ಟ ಗಂಡ ಹೆಂಡತಿ ಕೂಡ ಸಂತೆಗೆ ಹೋಗುವಾಗ ಒಂದೇ ಸ್ಕೂಟರಿನಲ್ಲಿ ಕೂತಿರುವುದನ್ನು ನಮ್ಮೂರಲ್ಲಿ ನೋಡಬಹುದು, ಅವನು ಮುಂದೆ ನೋಡುತ್ತಿರುತ್ತಾನೆ, ಅವಳು ಪಕ್ಕದ ಅಂಗಡಿಗಳನ್ನು ನೋಡುತ್ತಿರುತ್ತಾಳೆ. ಒಂಟಿ ಜನ ಸೈಕಲ್ಲು ತುಳಿಯುತ್ತಾರೆ, ಇಲ್ಲವೇ ನಡೆಯುತ್ತಾರೆ. ಕಾರಿರುವ ಮನೆಯಲ್ಲಿ ಒಬ್ಬರು ತೀರಿಹೋದರೆ ಕಾರು ಬಾಗಿಲ ಮುಂದೆ ಟಾರ್ಪಾಲು ಹೊದ್ದು ನಿಂತುಬಿಡುತ್ತದೆ, ಆ ಬೀದಿಯಲ್ಲಿ ಹೋಗುವವರು ತಾವಾಗಿಯೇ ದನಿ ತಗ್ಗಿಸುತ್ತಾರೆ. 'ನಮ್ಮ ಕಾರಲ್ಲಿ ಬಂದು ಕೂತ್ಕೊಳ್ಳಿ' ಎಂದು ಇನ್ನೊಬ್ಬರನ್ನು ಕರೆಯುವುದು ಸಣ್ಣ ಮಾತಲ್ಲ, ಎಲೆ ಅಡಿಕೆ ಇಟ್ಟು ಕೇಳುವ ಮಾತು ಅದು. ಒಟ್ಟಿಗೆ ಹೋದವರು ಒಟ್ಟಿಗೇ ಮರಳಬೇಕು. ಯಾರನ್ನಾದರೂ ಅವರ ಮನೆ ಬಾಗಿಲಿಗೆ ಬಿಟ್ಟು ಬರುತ್ತೇವೆಂದರೆ ಆಗುವುದಿಲ್ಲ, ಬಿಟ್ಟಲ್ಲಿಯೇ ಕಾರು ನಿಲ್ಲುತ್ತದೆ.

ನನಗೆ ಮದುವೆಯಾಗಲಿಲ್ಲ. ಅಪ್ಪ ಅಮ್ಮ ಹೋದಾಗ ತಮ್ಮ ಮುರಳೀಧರ ಇನ್ನೂ ಚಡ್ಡಿ ಹಾಕುವ ಹುಡುಗ, ಅವನನ್ನು ಓದಿಸುವ ಹೊತ್ತಿಗೆ ನನ್ನ ವಯಸ್ಸು ಎಲ್ಲರೂ ಕೇಳುವುದನ್ನು ಬಿಡುವ ವಯಸ್ಸಾಗಿತ್ತು. ಅವನ ಮದುವೆಗೆ ನಮ್ಮ ಕಡೆಯ ಜನ ಅಂದರೆ ನಾನು, ಅವನು. ಒಂದು ಬಸ್ಸು ತುಂಬುವಷ್ಟು ನೆಂಟರು ಎಲ್ಲಿಂದ ತರುವುದು? ಪಕ್ಕದ ಮನೆಯವರ ಸ್ಕೂಟರು ಕೇಳಿ ತಂದು, ಮದುಮಗನನ್ನು ಹಿಂದೆ ಕೂರಿಸಿಕೊಂಡು ನಾನೇ ಓಡಿಸಿಕೊಂಡು ಹೋದೆ. ಅವನ ಬಾಸಿಂಗ ಗಾಳಿಗೆ ಹಾರಿಹೋಗದಂತೆ ಒಂದು ಕೈಯಲ್ಲಿ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ನನ್ನ ಭುಜ ಹಿಡಿದಿದ್ದ. ಛತ್ರದ ಬಾಗಿಲಲ್ಲಿ ನಿಂತಿದ್ದ ಹೆಣ್ಣಿನ ತಂದೆ ನಾಗೇಂದ್ರಪ್ಪನವರು ನಮ್ಮ ಹಿಂದೆ ಇನ್ಯಾರಾದರೂ ಬರುತ್ತಿದ್ದಾರೆಯೇ ಎಂದು ರಸ್ತೆಯ ಉದ್ದಕ್ಕೂ ನೋಡಿ, "ದಿಬ್ಬಣ ಅಂದ್ರೆ ಇಷ್ಟೇನಾ?" ಅಂದರು. ನನಗೆ ಅದು ಆಗಲೇ ಮರೆತುಹೋಗಿತ್ತು. ಮುರಳಿಗೆ ಮರೆತಿರಲಿಲ್ಲ ಎಂಬುದು ಕಾರು ಕೊಳ್ಳುವವರೆಗೆ ನನಗೆ ತಿಳಿದಿರಲಿಲ್ಲ.

ಒಂದು ಶನಿವಾರ ಸಂಜೆ ಅವನು ನಿಲ್ದಾಣಕ್ಕೇ ಬಂದ. ನಾನು ಮೈಕು ಆರಿಸಿ ಹೊರಗೆ ಬಂದೆ.

"ಅಕ್ಕಾ, ಕಾರು ತಗೋತಿದೀವಿ" ಅಂದ. "ಐದು ಸೀಟಿಂದು. ನಾವು ನಾಲ್ಕು ಜನ, ಐದನೆಯವಳು ನೀನು. ನಾಳೆ ನೋಡೋಕೆ ಹೋಗೋಣ, ರೆಡಿಯಾಗಿರು."

ನಾನು "ಆಯ್ತಪ್ಪ" ಅಂದೆನಷ್ಟೆ. ಅವನು ಹೋದ ಮೇಲೆ ಮತ್ತೆ ಕೂತು ಮೈಕು ಹಾಕಿದರೆ ಯಾವ ಬಸ್ಸಿಗೆ ಎಷ್ಟು ಜನ ಬೇಕೆಂಬುದೇ ಮರೆತುಹೋಗಿತ್ತು. ಕಂಡಕ್ಟರು ಬಂದು ಬೆರಳು ತೋರಿಸಿ ನೆನಪು ಮಾಡಿದ.

ಮಾರನೆಯ ದಿನ, ಮದುವೆಗಳಿಗೆ ಮಾತ್ರ ಉಡುವ ಸೀರೆ ಉಟ್ಟುಕೊಂಡು ಹೋದೆ. ಷೋರೂಮಿನ ಹುಡುಗ ನಮ್ಮನ್ನು ಕಂಡವನೇ ಕಣ್ಣಲ್ಲೇ ಎಣಿಸಿ, ಬಿಳಿ ಬಣ್ಣದ ಕಾರಿನ ಹತ್ತಿರ ಕರೆದುಕೊಂಡು ಹೋದ. ನೆಲದಿಂದ ಎತ್ತರವಾಗಿದ್ದ, ಮಧ್ಯಮ ವರ್ಗದ ಮನೆಗಳ ಮುಂದೆ ಈಗ ಎಲ್ಲೆಲ್ಲೂ ಕಾಣುವ ಜಾತಿಯ ಕಾರು ಅದು. ಡಿಕ್ಕಿ ದೊಡ್ಡದಿದೆ, ಮೈಲೇಜು ಕೊಡುತ್ತದೆ, ರಿಪೇರಿಗೆ ಎಲ್ಲಿ ಬೇಕಾದರೂ ಸಾಮಾನು ಸಿಗುತ್ತದೆ ಎಂದು ಹೇಳಿ, "ನಾನು ಬಂದ್ರೆ ಆರಾಗುತ್ತೆ ಸರ್, ನೀವೇ ಒಂದು ರೌಂಡು ಹೋಗಿ ಬನ್ನಿ" ಎಂದು ಬೀಗದಕೈ ಕೊಟ್ಟ. ಮುರಳಿ ಮತ್ತು ಅವನ ಹೆಂಡತಿ ಪ್ರಮೀಳಾ ಮುಂದೆ ಕೂತರು. ಹಿಂದೆ ನಾನು ನಡುವೆ, ಎಡಕ್ಕೆ ಹೈಸ್ಕೂಲು ಮುಗಿಸುತ್ತಿದ್ದ ಅವರ ಮಗಳು ನಂದಿತಾ, ಬಲಕ್ಕೆ ಅವಳ ತಮ್ಮ ತೇಜಸ್ಸು. ನಡುವಿನ ಸೀಟಿನ ಕೆಳಗೆ ನೆಲ ಉಬ್ಬಿರುತ್ತದೆ, ಕಾಲಿಡುವುದಕ್ಕೆ ಜಾಗವಿರುವುದಿಲ್ಲ, ಮೊಣಕಾಲು ಹೊಟ್ಟೆಗೆ ಬರುತ್ತದೆ. ನನಗೆ ಅದೇನೂ ಅನ್ನಿಸಲಿಲ್ಲ. ನಾನು ಬಾಗಿಲು ಹಾಕಿಸಿಕೊಂಡು ಕೂತದ್ದೇ ತಡ, ಎಂಜಿನ್ನು ಎದ್ದಿತು. ಬಸ್ಸು ಹಾಗೆ ಏಳುವುದನ್ನು ದಿನಕ್ಕೆಷ್ಟೋ ಸಲ ಕೇಳಿದ್ದೆ, ನನ್ನಿಂದ ಒಂದು ಗಾಡಿ ಎದ್ದದ್ದನ್ನು ಕೇಳಿರಲಿಲ್ಲ.

ಕೆರೆ ಏರಿಯ ಮೇಲೆ ಹೋಗುವಾಗ ಗಾಳಿ ತಂಪಾಗಿತ್ತು. ತೇಜಸ್ಸು ನಿದ್ದೆಗೆ ಜಾರಿ ತಲೆಯನ್ನು ನನ್ನ ತೋಳಿನ ಮೇಲೆ ಇಳಿಬಿಟ್ಟ. ನಂದಿತಾ ಕಿವಿಗೆ ಸಿಕ್ಕಿಸಿಕೊಂಡಿದ್ದ ವೈರಿನ ಒಂದು ತುದಿ ತೆಗೆದು, "ಕೇಳು ಅತ್ತೆ, ಈ ಹಾಡು ನಿಂಗಿಷ್ಟ ಆಗುತ್ತೆ" ಎಂದು ನನ್ನ ಕಿವಿಗೆ ಇಟ್ಟಳು. ಹಾಡು ನನಗೆ ಏನೂ ಅರ್ಥವಾಗಲಿಲ್ಲ. ಚೆನ್ನಾಗಿದೆ ಅಂದೆ. ಚೆನ್ನಾಗಿಯೇ ಇತ್ತು.

ಮರಳಿ ಬಂದಾಗ ಮುರಳಿಯ ಕಣ್ಣು ಷೋರೂಮಿನ ಒಳಗಿನ ಗಾಜಿನ ಕೋಣೆಯ ಕಡೆ ಹೋಯಿತು. ಅಲ್ಲಿ ಕಪ್ಪು ಬಣ್ಣದ ಕಾರೊಂದು ನಿಂತಿತ್ತು. ಕಾರು ಎನ್ನುವುದಕ್ಕಿಂತ ಒಂದು ಕೋಣೆಯೇ ಅನ್ನಬೇಕು. ಎಂಟು ಹತ್ತು ಜನ ಕೂರುವಷ್ಟು ಜಾಗ, ಆದರೆ ಇದ್ದದ್ದು ಆರೇ ಕುರ್ಚಿ. ಒಂದೊಂದಕ್ಕೂ ಬೇರೆ ಬೇರೆ ತೋಳು, ಬೇರೆ ಬೇರೆ ದಿಂಬು, ಕಾಲು ಚಾಚಲು ಹಲಗೆ, ಬೇಸಿಗೆಯಲ್ಲಿ ಕುರ್ಚಿಯ ಒಳಗಿನಿಂದಲೇ ತಣ್ಣನೆ ಗಾಳಿ. ಮುರಳಿ ಅದರ ಸುತ್ತ ಒಂದು ಸುತ್ತು ಬಂದ. ಇನ್ನೊಂದು ಸುತ್ತು ಬಂದ. ಬಾಗಿಲು ತೆಗೆದು ಮುಚ್ಚಿದ, ಅದು ಮೆತ್ತಗೆ ಮುಚ್ಚಿಕೊಂಡದ್ದಕ್ಕೆ ಮತ್ತೊಮ್ಮೆ ತೆಗೆದು ಮುಚ್ಚಿದ.

"ಇದರಲ್ಲಿ ಏಳು ಸೀಟಿಂದು ಬರಲ್ವಾ?" ಎಂದು ಪ್ರಮೀಳಾ ಕೇಳಿದಳು.

"ಇಲ್ಲ ಮೇಡಂ. ಇದು ಲಕ್ಷುರಿ ಗಾಡಿ. ಜನ ಜಾಸ್ತಿ ಆದ್ರೆ ಲಕ್ಷುರಿ ಹೋಯ್ತಲ್ಲ" ಅಂದ ಹುಡುಗ.

ಓಡಿಸಿ ನೋಡುತ್ತೀರಾ ಎಂದು ಕೇಳಿದಾಗ ಮುರಳಿ ಬೇಡ ಅನ್ನಲಿಲ್ಲ. ಆದರೆ ಅಷ್ಟು ದುಬಾರಿ ಗಾಡಿಯನ್ನು ಸುಮ್ಮನೆ ಕೈಗೆ ಕೊಡುವುದಿಲ್ಲವಂತೆ, ಅವರ ಕಡೆಯ ಇಬ್ಬರು ಜೊತೆಯಲ್ಲಿ ಇರಲೇಬೇಕಂತೆ. ಹುಡುಗನೂ ಅವನ ಮ್ಯಾನೇಜರೂ ಹತ್ತಿದರು. ಮುರಳಿ ನನ್ನ ಕಡೆ ನೋಡಿದ. ನಾನೇ, "ಹೋಗಿ ಬನ್ನಿ, ನನಗೆ ಕಾಲು ನೋವು, ಇಲ್ಲಿ ಕೂತಿರ್ತೀನಿ" ಅಂದೆ. ಸೋಫಾದ ಮೇಲೆ ಕೂತೆ. ಯಾರೋ ಕಾಫಿ ತಂದುಕೊಟ್ಟರು. ಆ ಕಾರು ಹೊರಟದ್ದು ಗಾಜಿನಾಚೆ ಕಂಡಿತು, ಸದ್ದು ಮಾತ್ರ ಕೇಳಲಿಲ್ಲ. ಕಾಫಿ ಕುಡಿದಾದ ಮೇಲೂ ಅವರು ಬರಲಿಲ್ಲ. ಬಿಳಿ ಕಾರು ಅಂಗಳದಲ್ಲಿ ಬಾಗಿಲು ತೆರೆದುಕೊಂಡೇ ನಿಂತಿತ್ತು, ಹೋಗಿ ಹಾಕಿ ಬಂದೆ.

ಅವತ್ತು ಯಾವುದೂ ತೀರ್ಮಾನವಾಗಲಿಲ್ಲ. "ಯೋಚನೆ ಮಾಡ್ತೀವಿ" ಎಂದು ಹೇಳಿ ಮುರಳಿ ಹೊರಟ.

ಆ ವಾರದ ನಡುವೆ ಪ್ರಮೀಳಾ ಒಬ್ಬಳೇ ನಿಲ್ದಾಣಕ್ಕೆ ಬಂದಳು. ಕೈಯಲ್ಲಿ ಚೀಲವಿಲ್ಲ, ಎಲ್ಲಿಗೋ ಹೋಗುವವಳ ಹಾಗೆ ಕಾಣಲಿಲ್ಲ. ನನ್ನ ಕೋಣೆಯ ಒಳಗೆ ಬಂದು, ಮೈಕು ಆರಿದೆಯೇ ಎಂದು ಮೊದಲು ನೋಡಿದಳು.

"ಅಕ್ಕಾ, ಅವರು ಆ ದೊಡ್ಡ ಕಾರೇ ಬೇಕು ಅಂತಿದಾರೆ. ನಮ್ಮ ಅಪ್ಪ ಅಮ್ಮನ್ನ ಸೇರಿಸಿದ್ರೆ ಆರಾಗುತ್ತಲ್ಲ ಅಂತ."

ನಾಗೇಂದ್ರಪ್ಪನವರೂ ಅವರ ಹೆಂಡತಿ ಕಾತ್ಯಾಯನಮ್ಮನವರೂ ಮುರಳಿಯ ಮನೆಯ ಹಿಂದಿನ ಬೀದಿಯಲ್ಲೇ ಇದ್ದರು. ನಾನು ಮನಸ್ಸಿನಲ್ಲಿ ಎಣಿಸಿ ನೋಡಿದೆ. ಆರು ಸರಿಯಾಗಿತ್ತು.

"ಒಳ್ಳೇದೇ ಅಲ್ವೇನಮ್ಮ, ನಿಮ್ಮ ತಾಯಿಗೂ ಮಂಡಿ ನೋವು, ಓಡಾಟಕ್ಕೆ ಆಗುತ್ತೆ" ಅಂದೆ.

ಅವಳು ಬಾಗಿಲಿಗೆ ಒರಗಿ ನಿಂತಳು. "ನಿಮಗೆ ಗೊತ್ತಿಲ್ಲಕ್ಕ. ನಮ್ಮಪ್ಪ ಕೂತಿರೋ ಕಡೆ ಬೇರೆ ಯಾರೂ ಮಾತಾಡೋಕೆ ಆಗಲ್ಲ. ಎಷ್ಟು ಜೋರಾಗಿ ಓಡಿಸ್ಬೇಕು, ಎಲ್ಲಿ ನಿಲ್ಲಿಸ್ಬೇಕು, ಮಕ್ಕಳು ಏನು ತಿನ್ಬೇಕು, ಎಲ್ಲಾ ಅವರೇ. ಇವರಿಗೋ, ಅಪ್ಪನ್ನ ಆ ಕಾರಲ್ಲಿ ಕೂರಿಸಿ ಊರೆಲ್ಲ ಸುತ್ತಿಸ್ಬೇಕು ಅಂತ ಹಟ. ಆವತ್ತು ದಿಬ್ಬಣದ ದಿವಸ ಏನೋ ಅಂದ್ರಂತಲ್ಲ, ಅದನ್ನ ಇಷ್ಟು ವರ್ಷ ಇಟ್ಕೊಂಡಿದಾರೆ. ಈ ಇಬ್ಬರು ಗಂಡಸರ ನಡುವೆ ಪ್ರತಿ ಭಾನುವಾರ ನಾನು ಕೂತಿರ್ಬೇಕಾ? ನನಗೆ ಸಣ್ಣ ಕಾರೇ ಸಾಕು. ನೀವು ಒಂದು ಮಾತು ಹೇಳಿ. ನನಗೆ ಆ ಸೀಟು ಬೇಕು ಅಂತ ನೀವು ಬಾಯಿ ಬಿಟ್ಟು ಕೇಳಿದ್ರೆ ಅವರು ಇಲ್ಲ ಅನ್ನಲ್ಲ."

ಅವಳು ನನಗಾಗಿ ಬಂದಿರಲಿಲ್ಲ, ಅದು ನನಗೆ ತಿಳಿಯಿತು. ಆದರೂ ಅವಳು ಹೋದ ಮೇಲೆ ನನ್ನೊಳಗೆ ಏನೋ ಆಸೆ ಎದ್ದು ಕೂತಿತು. ತಮ್ಮನ ಹತ್ತಿರ ನಾನು ಇದುವರೆಗೆ ಏನನ್ನೂ ಕೇಳಿರಲಿಲ್ಲ. ಕೇಳದೇ ಇದ್ದದ್ದರಿಂದಲೇ ಅವನಿಗೆ ಗೊತ್ತಾಗಿಲ್ಲವೇನೋ ಅನ್ನಿಸಿತು.

ಆ ರಾತ್ರಿ ಮುರಳಿಯ ಮನೆಗೆ ಊಟಕ್ಕೆ ಕರೆದಿದ್ದರು. ಹುಳಿ, ಹಪ್ಪಳ ಮಾಡಿದ್ದಳು ಪ್ರಮೀಳಾ. ತಟ್ಟೆಯ ಪಕ್ಕದಲ್ಲೇ ಎರಡೂ ಕಾರಿನ ಚಿತ್ರದ ಹಾಳೆಗಳಿದ್ದವು. ತೇಜಸ್ಸು ಕಪ್ಪು ಕಾರಿನ ಹಾಳೆಯ ಮೇಲೆ ಮೊಸರು ಚೆಲ್ಲಿ ಬೈಸಿಕೊಂಡ. ಊಟ ಮುಗಿಯುತ್ತಾ ಬಂದಾಗ ಮುರಳಿಯೇ ಶುರು ಮಾಡಿದ.

"ನೀನು ಹೇಳಕ್ಕ, ಯಾವುದು ತಗೊಳ್ಳೋಣ?"

ನಾನು ಕೈ ತೊಳೆದು ಬಂದು ಕೂತೆ. "ಬಿಳೀದು ತಗೋ ಮುರಳಿ. ಅದ್ರಲ್ಲಿ ನಂಗೂ ಒಂದು ಸೀಟಿರುತ್ತೆ. ನನಗೆ ಆ ಸೀಟು ಬೇಕು ಕಣೋ."

 ನಂದಿತಾ ತಟ್ಟೆ ನೋಡುತ್ತಿದ್ದಳು. ಪ್ರಮೀಳಾ ಎದ್ದು ಅಡುಗೆಮನೆಗೆ ಹೋದಳು. ಮುರಳಿ ಮೊದಲು ನಕ್ಕ, ನಾನು ನಗದೇ ಇದ್ದದ್ದನ್ನು ನೋಡಿ ನಗು ನಿಲ್ಲಿಸಿದ.

"ನಿಂಗೆ ಬಸ್ ಸ್ಟ್ಯಾಂಡೇ ಇದ್ಯಲ್ಲಕ್ಕ" ಅಂದ. ಬೇಸರದ ದನಿಯಲ್ಲ, ಸಮಾಧಾನ ಮಾಡುವ ದನಿ. "ಎಲ್ಲಿಗೆ ಬೇಕಾದ್ರೂ ಹೋಗಬಹುದು ನೀನು. ಯಾವ ಬಸ್ಸಲ್ಲಿ ಜಾಗ ಇದೆ ಅಂತ ಊರಲ್ಲಿ ಎಲ್ಲರಿಗಿಂತ ಮೊದಲು ಗೊತ್ತಾಗೋದೇ ನಿಂಗೆ."

ಅದು ನಿಜವೇ.  ಪ್ರಮೀಳಾ ಬಾಳೆಹಣ್ಣು ತಂದಳು. ತಿಂದು, ಚಪ್ಪಲಿ ಮೆಟ್ಟಿಕೊಂಡು ಮನೆಗೆ ನಡೆದೆ.

ಕಪ್ಪು ಕಾರು ಬಂತು. ಪೂಜೆಗೆ ನನ್ನನ್ನು ಕರೆದಿದ್ದರು, ನಾನೇ ಹಿರಿಯಳಲ್ಲವೇ, ಆರತಿ ಎತ್ತಬೇಕು. ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟು, ಗಾಜಿಗೆ ಕುಂಕುಮ ಹಚ್ಚಿ, ಆರತಿ ಎತ್ತಿದೆ. ನಾಗೇಂದ್ರಪ್ಪನವರು ಜರಿಯ ಶಲ್ಯ ಹೊದ್ದು ಬಂದಿದ್ದರು. ಮುರಳಿ ತಾನೇ ಬಾಗಿಲು ತೆಗೆದು, "ಬನ್ನಿ ಮಾವ, ಹತ್ತಿ" ಅಂದ. ಆ 'ಹತ್ತಿ' ಎಂಬ ಮಾತನ್ನು ಎಷ್ಟೋ ಕಾಲದಿಂದ ಹೇಳಿ ಹೇಳಿ ಅಭ್ಯಾಸ ಮಾಡಿಕೊಂಡವನಂತೆ ಹೇಳಿದ. ಮುದುಕರು ನಡುವಿನ ಸಾಲಿನ ಕುರ್ಚಿಯಲ್ಲಿ ಕೂತು, ತೋಳಿನ ಮೇಲೆ ಕೈಯಾಡಿಸಿದರು. ಚೆನ್ನಾಗಿದೆ ಅಂತ ಒಂದು ಮಾತು ಬಂದೀತೆಂದು ಮುರಳಿ ಬಾಗಿಲು ಹಿಡಿದುಕೊಂಡೇ ನಿಂತಿದ್ದ. ಕೊನೆಗೆ ಮುಚ್ಚಿದ. ನಿಂಬೆಹಣ್ಣು ಚಪ್ಪಟೆಯಾಗಿ, ಕಾರು ಬೀದಿಯ ಕೊನೆ ದಾಟಿತು. ಅಕ್ಕಪಕ್ಕದವರು ಒಳಗೆ ಹೋದರು. ನಾನು ಆರತಿ ತಟ್ಟೆ ಹಿಡಿದುಕೊಂಡು ಅವರ ಮನೆಗೆ ಬೀಗ ಹಾಕಿದೆಯೋ ಇಲ್ಲವೋ ಎಂದು ನೋಡಿದೆ. ಹಾಕಿತ್ತು. ತಟ್ಟೆಯನ್ನು ಜಗುಲಿಯ ಮೇಲಿಟ್ಟು ಹೊರಟೆ.

ಆಮೇಲೆ ಭಾನುವಾರಗಳು ಉದ್ದವಾದವು. ಅದಕ್ಕೂ ಮೊದಲು ಭಾನುವಾರ ಮಧ್ಯಾಹ್ನ ಮಕ್ಕಳು ನಮ್ಮ ಮನೆಗೆ ಬರುತ್ತಿದ್ದರು, ಚಕ್ಕುಲಿ ತಿಂದು, ರೇಡಿಯೊ ತಿರುಗಿಸಿ, ಜಗಳವಾಡಿಕೊಂಡು ಹೋಗುತ್ತಿದ್ದರು. ಈಗ ಅವರಿಬ್ಬರೂ ಇಲ್ಲದೆ ಕಾರು ಹೊರಡುವುದಿಲ್ಲ. ಅವರನ್ನು ದೂರಿ ಏನು ಫಲ? ನಾನು ರಜೆಯ ದಿನವೂ ನಿಲ್ದಾಣಕ್ಕೆ ಹೋಗಿ, ಯಾವ ಬಸ್ಸಿಗೆ ಒಬ್ಬರು ಕಡಿಮೆಯೋ ಅದರಲ್ಲಿ ಕೂತು, ಅದು ಹೋದ ಊರಿಗೆ ಹೋಗಿ, ಅಲ್ಲಿ ಒಂದು ಟೀ ಕುಡಿದು, ಬಂದ ದಾರಿಯಲ್ಲೇ ಬರುತ್ತಿದ್ದೆ. ಎಲ್ಲ ಬಸ್ಸಿನಲ್ಲೂ ನನ್ನ ದನಿ ಗುರುತು ಹಿಡಿಯುತ್ತಿದ್ದರು, "ಓ, ಮೈಕಿನಮ್ಮ!" ಅನ್ನುತ್ತಿದ್ದರು. ಆಮೇಲೆ ಅವರವರ ಪಾಡಿಗೆ ಅವರು ಕಿಟಕಿಯಾಚೆ ನೋಡುತ್ತಿದ್ದರು.

ಬಿಸಿಲು ಏರುತ್ತಿದ್ದ ಒಂದು ಭಾನುವಾರ ಫೋನು ಬಂತು. ಪ್ರಮೀಳಾ.

"ಅಕ್ಕಾ, ಕಲ್ಲುಸೇತುವೆ ಹತ್ರ ಸಿಕ್ಕಿಹಾಕ್ಕೊಂಡಿದೀವಿ. ಅಪ್ಪ ಇಳಿದುಬಿಟ್ಟಿದಾರೆ. ಏನು ಮಾಡಿದ್ರೂ ಹತ್ತಲ್ಲ ಅಂತಾರೆ. ನೀವು ಬರ್ತೀರಾ?" ಹಿಂದಿನಿಂದ ತೇಜಸ್ಸು ಅಳುವುದು ಕೇಳುತ್ತಿತ್ತು.

ಆ ಕಡೆಯ ಬಸ್ಸಿಗೆ ಅದೃಷ್ಟಕ್ಕೆ ಒಬ್ಬರೇ ಕಡಿಮೆಯಿದ್ದರು. ಹತ್ತಿ ಕಿಟಕಿಯ ಪಕ್ಕ ಕೂತೆ. ಬಸ್ಸು ಹೊರಟಿತು. ಪಕ್ಕದಲ್ಲಿ ನನ್ನ ವಯಸ್ಸಿನ ಹೆಂಗಸೊಬ್ಬಳು, ಮಡಿಲಲ್ಲಿ ಸೌತೆಕಾಯಿಯ ಬುಟ್ಟಿ. ಬಹಳ ಮಾತಿನವಳು. ಊರಿನ ಹೊರಗೆ ಬರುವಷ್ಟರಲ್ಲಿ ತನ್ನ ಮದುವೆಯ ಕಥೆ ಶುರು ಮಾಡಿಬಿಟ್ಟಿದ್ದಳು. ಗಂಡಿನ ದಿಬ್ಬಣದ ಬಸ್ಸಿಗೆ ಒಬ್ಬರು ಕಡಿಮೆ ಬಿದ್ದು ದಾರಿಯಲ್ಲಿ ಮೂತ್ರಕ್ಕೆಂದು ನಿಂತಿದ್ದ ಯಾರೋ ಒಬ್ಬನನ್ನು ಕೈಹಿಡಿದು ಎಳೆದು ಕೂರಿಸಿಕೊಂಡು ಬಂದರಂತೆ, ಅವನ ಕೈಯಲ್ಲಿ ಒಂದು ಕೋಳಿಯಿತ್ತಂತೆ, ಕೋಳಿಯ ಸಮೇತ ಛತ್ರದೊಳಗೆ ಬಂದನಂತೆ. "ಆ ಹೊತ್ಗೆ ಸರಿಯಾಗಿ ವರದಕ್ಷಿಣೆ ಜಗಳ ಸುರುವಾಯ್ತು ನೋಡಿ. ನಮ್ಮಪ್ಪ ಮೂಲೇಲಿ ಕೂತು ಅಳ್ತಾನೆ. ಆಗ ಆ ಕೋಳಿಯವನು ಎದ್ದು ನಿಂತ..." ಅನ್ನುವಷ್ಟರಲ್ಲಿ ಕಲ್ಲುಸೇತುವೆ ಕಂಡಿತು. ನಾನು ಎದ್ದೆ.

"ಇಲ್ಲಿ ಇಳಿದ್ರೆ ಹತ್ತೋರು ಯಾರಮ್ಮ? ಬಸ್ಸು ನಿಂತುಹೋಗುತ್ತೆ" ಎಂದು ಕಂಡಕ್ಟರು ಗಾಬರಿಯಾದ.

"ಒಬ್ಬರಿದಾರೆ" ಅಂದೆ.

ಅಂದ ಮೇಲೆಯೇ ನಾನು ಏನು ಹೇಳಿದೆನೆಂದು ನನಗೆ ತಿಳಿದದ್ದು. ಮುದುಕರನ್ನು ಬಸ್ಸು ಹತ್ತಿಸುವ ಯೋಚನೆ ಮನೆಯಿಂದ ಹೊರಡುವಾಗಲೇ ನನ್ನೊಳಗೆ ಇತ್ತೋ, ಬಾಯಿಗೆ ಬಂದ ಮೇಲೆ ಹುಟ್ಟಿತೋ, ಈಗಲೂ ಹೇಳಲಾರೆ.

ಕಾರು ರಸ್ತೆಯ ಬದಿಯಲ್ಲಿ ಮಿರಮಿರ ಮಿಂಚುತ್ತಾ ನಿಂತಿತ್ತು. ಮಕ್ಕಳು ಅದರ ನೆರಳಿನಲ್ಲಿ ಕೂತಿದ್ದರು. ಮುರಳಿಯ ಅಂಗಿ ಬೆವರಿಗೆ ಅಂಟಿತ್ತು. ಇಪ್ಪತ್ತು ಮಾರು ಆಚೆ, ಸೇತುವೆಯ ಕಟ್ಟೆಯ ಮೇಲೆ ನಾಗೇಂದ್ರಪ್ಪನವರು ಬೆನ್ನು ತಿರುಗಿಸಿ ಕೂತು ನೀರು ನೋಡುತ್ತಿದ್ದರು. ಕಾತ್ಯಾಯನಮ್ಮ ಸೆರಗಿನಿಂದ ಅವರ ತಲೆಗೆ ನೆರಳು ಮಾಡಲು ಹೋಗಿ, ಬೈಸಿಕೊಂಡು ಬಂದು ಕಾರಿನ ಹತ್ತಿರ ನಿಂತಿದ್ದರು. ಆದದ್ದು ಇಷ್ಟೇ ಎಂದು ಆಮೇಲೆ ತಿಳಿಯಿತು. ನಿಧಾನ ಓಡಿಸು ಎಂದು ಮಾವ ಹೇಳುತ್ತಲೇ ಇದ್ದರು, ಅಳಿಯ ಕೊನೆಗೆ ತಡೆಯಲಾರದೆ, "ನನ್ನ ಕಾರಲ್ಲಿ ಕೂತ ಮೇಲೆ ಬಾಯಿ ಮುಚ್ಕೊಂಡು ಕೂರಬೇಕು" ಅಂದುಬಿಟ್ಟಿದ್ದ.

ನಾನು ಬಸ್ಸಿನ ಮೆಟ್ಟಿಲ ಮೇಲಿಂದಲೇ ಕೂಗಿದೆ. "ನಾಗೇಂದ್ರಪ್ನೋರೇ, ಬಸ್ಸಲ್ಲಿ ಒಂದು ಸೀಟಿದೆ. ಬರ್ತೀರಾ?"

ಅವರು ತಿರುಗಿ ನೋಡಿದರು. ನನ್ನನ್ನೂ ಬಸ್ಸನ್ನೂ ನೋಡಿದರು, ಕಾರಿನ ಕಡೆ ನೋಡಲಿಲ್ಲ. ಶಲ್ಯ ಕೊಡವಿಕೊಂಡು ಬಂದು, ಮೆಟ್ಟಿಲ ಹತ್ತಿರ ನಾನು ಇಳಿಯಲೆಂದು ಪಕ್ಕಕ್ಕೆ ನಿಂತರು.

"ಈ ಬಸ್ಸು ಎಲ್ಲಿಗೆ ಹೋಗುತ್ತಮ್ಮ?"

"ಹೆಂಚಿನಕಟ್ಟೆಗೆ. ಅಲ್ಲಿಂದ ವಾಪಸ್ಸು ಬರುತ್ತೆ."

"ಸರಿ" ಅಂದರು. ಆಮೇಲೆ ಮೆತ್ತಗೆ, "ಆ ಸೀಟು ನಿಮ್ದೇ ಆಗಿತ್ತಂತೆ. ಪ್ರಮೀಳಾ ಹೇಳಿದ್ಲು. ನನಗೆ ಗೊತ್ತಿರಲಿಲ್ಲ ತಾಯಿ" ಎಂದು ಹೇಳಿ ಹತ್ತಿದರು. ಬಸ್ಸು ಗುರ್ ಎಂದು ಹೊರಟಿತು. ಸೌತೆಕಾಯಿಯ ಹೆಂಗಸು ಅವರಿಗೆ ಜಾಗ ಬಿಡುತ್ತಾ ಆಗಲೇ ಬಾಯಿ ತೆರೆದದ್ದು ಕಿಟಕಿಯಲ್ಲಿ ಕಂಡಿತು.

ನಾನು ಕಾರು ಹತ್ತಿದೆ. ಕಾರು ಎದ್ದಿತು. ಕುರ್ಚಿ ಮೆತ್ತಗಿತ್ತು, ಬೆನ್ನಿಗೆ ತಂಪಾಗಿತ್ತು, ಕಾಲು ಎಷ್ಟು ಚಾಚಿದರೂ ಎದುರಿನದು ತಾಗುತ್ತಿರಲಿಲ್ಲ. ಪಕ್ಕದ ಕುರ್ಚಿಯಲ್ಲಿ ಕಾತ್ಯಾಯನಮ್ಮ ಕಣ್ಣೊರೆಸಿಕೊಳ್ಳುತ್ತಿದ್ದರು. ಅವರ ಕೈ ಹಿಡಿಯೋಣವೆಂದರೆ ನಡುವೆ ಒಬ್ಬರು ನಡೆದುಹೋಗುವಷ್ಟು ಸಂದು, ನನ್ನ ಕೈ ಅರ್ಧಕ್ಕೇ ನಿಂತಿತು. ಮಕ್ಕಳು ಹಿಂದಿನ ಸಾಲಿನಲ್ಲಿ ಇದ್ದಾರೆಂಬುದು ಕನ್ನಡಿಯಲ್ಲಿ ನೋಡಿದರೆ ಮಾತ್ರ ತಿಳಿಯುತ್ತಿತ್ತು.  ಹೊರಗಿನ ಸದ್ದು ಒಳಗೆ ಬರುತ್ತಿರಲಿಲ್ಲ. ಇದನ್ನೇ ನಾನು ಬಾಯಿ ಬಿಟ್ಟು ಕೇಳಿದ್ದೆನೇ ಎಂದು ಯೋಚಿಸಿದೆ. ಇದನ್ನಲ್ಲ ಅನ್ನಿಸಿತು, ಆದರೆ ಏನನ್ನು ಎಂದು ಹೇಳಲು ಬರಲಿಲ್ಲ.

ಕೆರೆ ಏರಿಯ ಹತ್ತಿರ ಮುರಳಿ ಕನ್ನಡಿಯಲ್ಲಿ ನನ್ನನ್ನು ನೋಡಿದ. "ಅಕ್ಕಾ, ಅವತ್ತು ಊಟಕ್ಕೆ ಬಂದಾಗ ನೀನು..." ಎಂದು ಶುರು ಮಾಡಿ ನಿಲ್ಲಿಸಿದ. ಅವನ ಕಿವಿ ಕೆಂಪಾಗಿತ್ತು, ಚಿಕ್ಕಂದಿನಲ್ಲಿ ಶಾಲೆಯಲ್ಲಿ ಏಟು ತಿಂದು ಬಂದಾಗ ಹಾಗೆಯೇ ಆಗುತ್ತಿತ್ತು.

"ಮುಂದೆ ನೋಡಿ ಓಡಿಸು" ಅಂದೆ.

ಮನೆ ಮುಟ್ಟಿದ ಮೇಲೆ ಎಲ್ಲರೂ ಒಳಗೆ ಹೋದರು. ಕಾತ್ಯಾಯನಮ್ಮ ಹೋಗಲಿಲ್ಲ, ಗೇಟು ಕಾಣುವ ಹಾಗೆ ಜಗುಲಿಯ ಮೆಟ್ಟಿಲ ಮೇಲೆ ಕೂತರು. ಅವರ ಗಂಡ ಒಬ್ಬರೇ ಬಸ್ಸು ಹತ್ತಿ ಎಷ್ಟೋ ವರ್ಷವಾಗಿತ್ತಂತೆ. ನಾನೂ ಪಕ್ಕದಲ್ಲಿ ಕೂತೆ. ಮೆಟ್ಟಿಲು ಕಿರಿದು, ಭುಜಕ್ಕೆ ಭುಜ ತಾಗುತ್ತಿತ್ತು. ಪ್ರಮೀಳಾ ಎರಡು ಸಲ ಕಾಫಿ ತಂದಳು. ಎರಡನೆಯ ಸಲ ಲೋಟ ತೆಗೆದುಕೊಂಡು ಹೋಗದೆ, ಕಂಬಕ್ಕೆ ಒರಗಿ ಸ್ವಲ್ಪ ಹೊತ್ತು ನಮ್ಮ ಜೊತೆಯಲ್ಲೇ ನಿಂತಳು. ಮುರಳಿ ಒಳಗಿನಿಂದ ಆಗಾಗ ಬಂದು ಗೇಟಿನವರೆಗೆ ಹೋಗಿ, ಬೀದಿ ನೋಡಿ ಒಳಗೆ ಹೋಗುತ್ತಿದ್ದ.

ಹೊತ್ತು ಮುಳುಗುವ ಹೊತ್ತಿಗೆ ನಾಗೇಂದ್ರಪ್ಪನವರು ನಡೆದುಕೊಂಡು ಬಂದರು. ಶಲ್ಯ ತಲೆಗೆ ಸುತ್ತಿದ್ದರು, ಕೈಯಲ್ಲಿ ಎರಡು ಸೌತೆಕಾಯಿ. ಮುಖ ಬಿಸಿಲಿಗೆ ಕಂದಿತ್ತು, ಆದರೆ ಕೋಪವಿರಲಿಲ್ಲ. ಹೆಂಡತಿಯ ಕೈಗೆ ಸೌತೆಕಾಯಿ ಕೊಟ್ಟು, "ಕೊಚ್ಚಿ ಉಪ್ಪು ಹಚ್ಚು" ಅಂದರು. ಬಾಗಿಲಿಗೆ ಬಂದು ನಿಂತ ಮುರಳಿ, "ಮಾವ" ಅಂದ.

"ಕಾರು ಚೆನ್ನಾಗಿದೆಯಪ್ಪ" ಅಂದರು ಅವರು. "ನಿನ್ನ ಕಾರಲ್ಲಿ ಕುರ್ಚಿಗಳು ಬಹಳ ಚೆನ್ನಾಗಿವೆ. ನನಗೆ ಇನ್ಮೇಲೆ ಬೇಡ." ಬೈದ ಹಾಗಿರಲಿಲ್ಲ. ಮುರಳಿ ಇಷ್ಟು ದಿನ ಕಾದಿದ್ದ ಮಾತು ಬಂದಿತ್ತು, ಅದನ್ನು ಎಲ್ಲಿಟ್ಟುಕೊಳ್ಳುವುದೆಂದು ತಿಳಿಯದವನಂತೆ ಬಾಗಿಲಲ್ಲೇ ನಿಂತ.

ನಾನು ಹೊರಡಲು ಎದ್ದೆ. ಪ್ರಮೀಳಾ ನನ್ನ ಮುಖ ನೋಡಿದಳು. ಮುಂದಿನ ಭಾನುವಾರದ ಮಾತು ಅವಳ ಬಾಯಲ್ಲಿತ್ತು, ಕೇಳಲಿಲ್ಲ. ನಾನೂ ಬರುತ್ತೇನೆಂದಾಗಲಿ ಬರುವುದಿಲ್ಲವೆಂದಾಗಲಿ ಹೇಳಲಿಲ್ಲ. ಬಿಟ್ಟು ಬರುತ್ತೇವೆ ಎಂದು ಯಾರೂ ಅನ್ನಲಿಲ್ಲ, ಅನ್ನುವ ಹಾಗೂ ಇರಲಿಲ್ಲ.

ಗೇಟು ದಾಟಿದಾಗ ಹಿಂದೆ ಚಪ್ಪಲಿಯ ಸದ್ದು ಕೇಳಿತು. ನಾಗೇಂದ್ರಪ್ಪನವರು.

"ತಿರುವಿನವರೆಗೆ ಬರ್ತೀನಿ ನಡೀರಿ" ಅಂದರು. ನಾಲ್ಕು ಹೆಜ್ಜೆ ನಡೆದು, "ಆ ಸೌತೆಕಾಯಿ ಹೆಂಗಸು ನಿಮಗೆ ಎಲ್ಲಿವರೆಗೆ ಹೇಳಿದ್ಲು?" ಎಂದು ಕೇಳಿದರು.

"ಕೋಳಿಯವನು ಎದ್ದು ನಿಂತ, ಅಲ್ಲಿವರೆಗೆ."

"ಹಾಂ. ಎದ್ದು ನಿಂತನಾ? ನಿಂತು ಏನಂದ ಗೊತ್ತಾ? 'ನನ್ಹತ್ರ ಈ ಕೋಳಿ ಒಂದೇ ಇರೋದು, ಬೇಕಾದ್ರ ಇದನ್ನ ತಗಂಡು ಮದುವೆ ಮುಗಿಸಿ, ನಂಗೆ ಊರಿಗೆ ಹೋಗ್ಬೇಕು' ಅಂದ್ನಂತೆ. ಗಂಡಿನ ಕಡೆಯವರು ಒಪ್ಪಲಿಲ್ಲ, ಸಿಟ್ಟು ಮಾಡ್ಕೊಂಡು ಎದ್ದು ಬಸ್ಸು ಹತ್ತಿದ್ರು. ಇವನೂ ಹತ್ತೋಕೆ ಹೋದ. ಅಷ್ಟರಲ್ಲಿ ಕೋಳಿ ಕೈ ತಪ್ಪಿಸ್ಕೊಂಡು ಮಂಟಪಕ್ಕೆ ನುಗ್ತು. ಇವನು ಅದರ ಹಿಂದೆ. ಇವನಿಲ್ದೆ ಅವರ ಬಸ್ಸು ಹೊರಡಲ್ಲ! ಅಲ್ಲಿ ಅವರು ಬಸ್ಸಲ್ಲಿ ಕೂತು ಬೊಬ್ಬೆ ಹೊಡೀತಿದಾರೆ, ಇಲ್ಲಿ ಇವನು ಹಸೆಮಣೆ ಕೆಳಗೆ ಕೈ ಹಾಕಿದಾನೆ, ಮದುಮಗಳೂ ಬಗ್ಗಿ ಆ ಕಡೆಯಿಂದ ಕೈ ಹಾಕಿದಾಳೆ..."

ಮುದುಕರು ಬೀದಿಯ ನಡುವೆ ನಿಂತು, ಬಗ್ಗಿ, ಎರಡು ಕೈಯನ್ನೂ ಚಾಚಿ ತೋರಿಸಿದರು.

"ಆಮೇಲೆ?" ಅಂದೆ.

"ಆಮೇಲೇನು, ಅವನನ್ನೇ ಮದುವೆಯಾದ್ಲು. ಗಂಡಿನ ಕಡೆಯವರು ಮೂರು ಊರು ನಡ್ಕೊಂಡು ಹೋದ್ರಂತೆ. ಹೆಂಚಿನಕಟ್ಟೇಲಿ ಇಳಿದಾಗ ಅವನೇ ಬಂದಿದ್ದ ಕಣಮ್ಮ ಆಕೆಯನ್ನ ಕರ್ಕೊಂಡು ಹೋಗೋಕೆ. ಒಳ್ಳೆ ಮನುಷ್ಯ. ನನಗೆ ಟೀ ಕೊಡಿಸಿದ."

ತಿರುವು ಬಂದಿತ್ತು. ಅವರು ಕೈಯೆತ್ತಿ ಮುಗಿದು ಹಿಂದಿರುಗಿದರು. ನಾನು ನಮ್ಮ ಬೀದಿಯ ಕಡೆ ಹೊರಟೆ. ಹಸೆಮಣೆಯ ಎರಡು ಕಡೆಯಿಂದ ಕೈ ಹಾಕಿದ ಆ ಇಬ್ಬರು ಕಣ್ಣ ಮುಂದೆ ಬಂದದ್ದು ಸ್ವಲ್ಪ ದೂರ ಹೋದ ಮೇಲೆ. ನಗು ತಡೆಯಲಾಗಲಿಲ್ಲ. ಖಾಲಿ ಬೀದಿಯಲ್ಲಿ ಒಬ್ಬಳೇ ನಿಂತು ಜೋರಾಗಿ ನಕ್ಕೆ. ಅವರಿಗೆ ಕೇಳಿಸಿತೇನೋ ಎಂದು ತಿರುಗಿ ನೋಡಿದೆ. ಅವರು ಆಗಲೇ ತಿರುವು ದಾಟಿ ಹೋಗಿಯಾಗಿತ್ತು.